ನಾಲ್ವರ ಬುತ್ತಿ, ಐವರ ಪಯಣ

ಗೆದ್ದವರ ಹೆಸರಿನಲ್ಲಿ ಉತ್ಸವ ಮಾಡುವುದು ಲೋಕರೂಢಿ. ಎರಡನೆಯವರಾಗಿ ಹೋಗಿ, ಸೋತು, ಮನೆಗೆ ಮರಳದೆ ಉಳಿದವರ ಶತಮಾನೋತ್ಸವವನ್ನು ಒಂದು ದೇಶವು ಮನಸ್ಸಿಟ್ಟು ನಡೆಸುವುದು ಅಪೂರ್ವ. ೨೦೧೨ನೆಯ ಇಸವಿ ಮಾರ್ಚ್ ೨೯ರಂದು ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಅಂತಹುದೊಂದು ಸ್ಮರಣೆ ನಡೆಯಿತು. ಅದಕ್ಕೆ ಸರಿಯಾಗಿ ನೂರು ವರ್ಷಗಳ ಹಿಂದೆ, ಅದೇ ತಾರೀಖಿನಲ್ಲಿ, ದಕ್ಷಿಣ ಧ್ರುವಖಂಡದ ಹಿಮದ ಬಯಲಿನಲ್ಲಿ ಬಿರುಗಾಳಿಗೆ ಅದುರುತ್ತಿದ್ದ ಒಂದು ಡೇರೆಯೊಳಗೆ ಕ್ಯಾಪ್ಟನ್ ರಾಬರ್ಟ್ ಫಾಲ್ಕನ್ ಸ್ಕಾಟನು ತನ್ನ ದಿನಚರಿಯ ಕಡೆಯ ಸಾಲನ್ನು ಬರೆದಿದ್ದನು. ಈ ಸ್ಮರಣೆಗೆ ಮೂರು ತಿಂಗಳು ಮೊದಲು, ೨೦೧೧ರ ಡಿಸೆಂಬರ್ ೧೪ರಂದು, ನಾರ್ವೆ ದೇಶದ ಪ್ರಧಾನಮಂತ್ರಿಗಳು ಸ್ವತಃ ಧ್ರುವಸ್ಥಾನಕ್ಕೆ ಹೋಗಿ, ಅಲ್ಲಿ ಮೊದಲು ಕಾಲಿಟ್ಟ ತಮ್ಮ ನಾಡಿನ ರೋಆಲ್ ಅಮುಂಡ್ಸೆನ್ನನ ಶತಮಾನೋತ್ಸವವನ್ನು ನೆರವೇರಿಸಿದ್ದರು. ಗೆದ್ದವನಿಗೆ ಸಂದ ಆ ಗೌರವವು ನ್ಯಾಯವಾದುದೇ. ಆತನು ಐವತ್ತೆರಡು ನಾಯಿಗಳನ್ನು ಕಟ್ಟಿಕೊಂಡು ಹೊರಟು, ನಾಲ್ವರು ಸಂಗಡಿಗರನ್ನೂ ಕ್ಷೇಮವಾಗಿ ಹಿಂದಕ್ಕೆ ಕರೆತಂದನು. ಅದು ಸಾಮಾನ್ಯವಾದ ಕೆಲಸವಲ್ಲ.

ಈ ಎರಡು ಉತ್ಸವಗಳ ವರದಿಗಳನ್ನೂ ನಾವು ಆಗ ಆಸೆಯಿಂದ ಓದಿದೆವು. ಎರಡರಲ್ಲಿಯೂ ಬಾವುಟದ ಮಾತು ಹೆಚ್ಚು, ಒಲೆಯ ಮಾತು ಕಡಮೆ. ನಮ್ಮಂತಹ ಸಂಸಾರಿಗಳಿಗಾದರೋ ಬಾವುಟಕ್ಕಿಂತ ಒಲೆಯ ಪರಿಚಯವೇ ಹೆಚ್ಚಲ್ಲವೆ? ಸ್ಕಾಟನ ಯಾತ್ರೆಯ ಕಥೆಯಲ್ಲಿ ಒಲೆಯೂ ಇದೆ, ಎಣ್ಣೆಯ ಡಬ್ಬಿಯೂ ಇದೆ, ಅಳೆದು ಕಟ್ಟಿದ ಬುತ್ತಿಯೂ ಇದೆ, ಊರಿನಲ್ಲಿ ಬಾಗಿಲು ನೋಡುತ್ತ ಕುಳಿತವರೂ ಇದ್ದಾರೆ. ಆ ಕಡೆಯಿಂದ ಅದನ್ನು ಒಮ್ಮೆ ನೋಡೋಣ.

ಈ ಕಥೆಯು ನಮಗೆ ಮೊದಲು ಪರಿಚಯವಾದುದು ಶಾಲೆಯ ಒಂದು ಪಾಠದಿಂದ. ಆ ಪಾಠವು ಕ್ಯಾಪ್ಟನ್ ಓಟ್ಸನದು. ಕಾಲು ಹಿಮಗಡಿತದಿಂದ ಕೊಳೆತು, ತಾನು ಇರುವವರೆಗೆ ಉಳಿದವರಿಗೂ ವೇಗವಿಲ್ಲವೆಂದು ತಿಳಿದು, ಅವನು ಡೇರೆಯಿಂದೆದ್ದು ಬಿರುಗಾಳಿಯೊಳಕ್ಕೆ ನಡೆದುಹೋದನೆಂಬ ಸಂಗತಿಯನ್ನು ಮೇಷ್ಟರು ಗಂಟಲು ಕಟ್ಟಿ ಓದಿದರು; ನಾವು ಹುಡುಗರೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ಅದೇ ಸಂಜೆ ನಮ್ಮ ಅಜ್ಜಿಯ ಮುಂದೆ ಪಾಠವನ್ನು ಮತ್ತೆ ಓದಿದೆವು. ಅವರು ಬತ್ತಿ ಹೊಸೆಯುತ್ತ ಕುಳಿತಿದ್ದವರು ಎಲ್ಲವನ್ನೂ ಕೇಳಿ, ತ್ಯಾಗದ ಮಾತನ್ನಾಗಲಿ ಶೌರ್ಯದ ಮಾತನ್ನಾಗಲಿ ಎತ್ತದೆ, “ಅವನಿಗೆ ತಾಯಿ ಇದ್ದಳೇನೋ, ಮಗು? ಅವಳು ಏನು ಮಾಡಿದಳಂತೆ?” ಎಂದರು. ಪಾಠದಲ್ಲಿ ತಾಯಿಯ ಪ್ರಸ್ತಾಪವೇ ಇರಲಿಲ್ಲ. ಮಾರನೆಯ ದಿನ ಮೇಷ್ಟರನ್ನು ಕೇಳಿದಾಗ, ಪರೀಕ್ಷೆಗೆ ಅದು ಬರುವುದಿಲ್ಲವೆಂಬ ಉತ್ತರ ದೊರೆಯಿತು. ಪಾಠದಲ್ಲಿ ಇಲ್ಲದ ಆ ತಾಯಿಯನ್ನು, ಅವಳಂತೆಯೇ ಮನೆಗಳಲ್ಲಿ ಉಳಿದ ಇತರರನ್ನು, ಮುಂದೆ ನಮಗೆ ಸಿಕ್ಕಿದ ಪುಸ್ತಕಗಳಲ್ಲೆಲ್ಲ ಹುಡುಕಿಕೊಂಡು ಬಂದೆವು.

ಯಾತ್ರೆಯ ವೃತ್ತಾಂತವನ್ನು ವಾಚಕರಲ್ಲಿ ಅನೇಕರು ಬಲ್ಲರಾದುದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ‘ಟೆರ್ರಾ ನೋವಾ’ ಎಂಬ ಹಳೆಯ ತಿಮಿಂಗಿಲಬೇಟೆಯ ಹಡಗು ೧೯೧೦ರ ಜೂನ್ ೧೫ರಂದು ಕಾರ್ಡಿಫ್ ಬಂದರನ್ನು ಬಿಟ್ಟಿತು. ಅಕ್ಟೋಬರಿನಲ್ಲಿ ಸ್ಕಾಟನು ಮೆಲ್ಬೋರ್ನ್ ನಗರವನ್ನು ಸೇರಿದಾಗ, ತಾನೂ ದಕ್ಷಿಣಕ್ಕೆ ಹೊರಟಿರುವೆನೆಂಬ ಅಮುಂಡ್ಸೆನ್ನನ ತಂತಿ ಅವನಿಗಾಗಿ ಕಾದಿತ್ತು. ಮುಂದಿನ ಜನವರಿಯಲ್ಲಿ ರಾಸ್ ದ್ವೀಪದ ಇವಾನ್ಸ್ ಭೂಶಿರದಲ್ಲಿ ಮರದ ಮನೆಯೊಂದನ್ನು ನಿಲ್ಲಿಸಿ ಅವರು ಬೀಡುಬಿಟ್ಟರು. ಆ ಒಂದೇ ಕೋಣೆಯಂತಹ ಮನೆಯನ್ನು ಸಾಮಾನಿನ ಪೆಟ್ಟಿಗೆಗಳ ಗೋಡೆ ಕಟ್ಟಿ ಎರಡು ಮಾಡಿದ್ದರು: ಆ ಕಡೆ ಅಧಿಕಾರಿಗಳು ಮತ್ತು ವಿಜ್ಞಾನಿಗಳು, ಈ ಕಡೆ ನಾವಿಕರು. ಈ ಗೋಡೆಯನ್ನು ವಾಚಕರು ನೆನಪಿನಲ್ಲಿಡಬೇಕು.

ತಂಡದಲ್ಲಿ ಇಬ್ಬರು ನಮ್ಮ ದೇಶದ ನೀರು ಕುಡಿದವರಿದ್ದರು. ಲಾರೆನ್ಸ್ ಓಟ್ಸನು ಮಧ್ಯಭಾರತದ ಮ್ಹೌ ದಂಡಿನಲ್ಲಿದ್ದ ಕುದುರೆ ಪಡೆಯ ಕ್ಯಾಪ್ಟನ್. ಅಲ್ಲಿಂದಲೇ ಅರ್ಜಿ ಹಾಕಿ, ತನ್ನ ಕೈಯಿಂದ ಸಾವಿರ ಪೌಂಡು ಕೊಟ್ಟು ಯಾತ್ರೆಗೆ ಸೇರಿದನು. ಹೆನ್ರಿ ಬವರ್ಸನು ಭಾರತದ ಸರ್ಕಾರೀ ನೌಕಾದಳದವನು. ಬರ್ಮಾದ ಇರಾವತಿ ನದಿಯಲ್ಲಿಯೂ ಪಾರಸೀ ಕೊಲ್ಲಿಯಲ್ಲಿಯೂ ಹಡಗು ನಡೆಸಿದವನು. ಆಳು ಗಿಡ್ಡ, ಮೂಗು ದೊಡ್ಡದು, ಶಕ್ತಿ ಅಪಾರ. ಉಗ್ರಾಣವೆಲ್ಲ ಅವನ ವಶದಲ್ಲಿದ್ದಿತು. ಒಂದು ಬಿಸ್ಕತ್ತಿನ ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನಮ್ಮ ಮನೆಗಳ ಹಿರಿಯ ಸೊಸೆಯರಂತೆ ಬಾಯಲ್ಲಿ ಹೇಳಬಲ್ಲವನಾಗಿದ್ದನು.

ಧ್ರುವಕ್ಕೆ ಹೋಗಿಬರುವ ಹಾದಿ ೧,೭೦೦ ಮೈಲಿಗೂ ಮೇಲೆ. ೧೯೧೧ರ ನವೆಂಬರ್ ೧ರಂದು ಮುಖ್ಯ ಪ್ರಯಾಣ ಹೊರಟಿತು. ಮೋಟಾರು ಬಂಡಿಗಳು ಬೇಗನೆ ಕೆಟ್ಟವು. ಕುದುರೆಗಳು ಹಿಮನದಿಯ ಬುಡದವರೆಗೆ ಬಂದು ಗುಂಡಿಗೆ ಆಹುತಿಯಾದವು. ನಾಯಿಗಳನ್ನು ಹಿಂದಕ್ಕೆ ಕಳುಹಿಸಿದರು. ಅಲ್ಲಿಂದ ಮುಂದೆ ಮನುಷ್ಯರೇ ನೊಗಕ್ಕೆ ಹೆಗಲು ಕೊಟ್ಟರು. ಬಿಯರ್ಡ್‌ಮೋರ್ ಎಂಬ ಆ ಹಿಮನದಿಯ ಉದ್ದ ಸುಮಾರು ನೂರಿಪ್ಪತ್ತು ಮೈಲಿ. ಹತ್ತಿದ ಮೇಲೆ ಎತ್ತರದ ಬಯಲು. ಇಷ್ಟರವರೆಗೂ ಎಲ್ಲ ಏರ್ಪಾಡುಗಳೂ ನಾಲ್ಕರ ಲೆಕ್ಕದಲ್ಲಿದ್ದವು. ಡೇರೆ ನಾಲ್ವರದು, ಬುತ್ತಿಯ ಗಂಟು ನಾಲ್ವರದು, ದಾರಿಯುದ್ದಕ್ಕೂ ಹೂಳಿಟ್ಟ ಎಣ್ಣೆ ನಾಲ್ವರದು. ೧೯೧೨ರ ಜನವರಿ ೪ರಂದು, ಕಡೆಯ ಸಹಾಯಕ ತಂಡವನ್ನು ಹಿಂದಕ್ಕೆ ಕಳುಹಿಸುವಾಗ, ಸ್ಕಾಟನು ಬವರ್ಸನನ್ನೂ ತನ್ನೊಡನೆ ಉಳಿಸಿಕೊಂಡನು. ಸ್ಕಾಟ್, ವೈದ್ಯನಾದ ಎಡ್ವರ್ಡ್ ವಿಲ್ಸನ್, ಓಟ್ಸ್, ನಾವಿಕ ಎಡ್ಗರ್ ಎವಾನ್ಸ್ ಇವರಿಗೆ ಐದನೆಯವನಾಗಿ ಬವರ್ಸನು ಸೇರಿದನು. ಅವನ ಹಿಮಪಾದುಕೆಗಳು ಮೊದಲೇ ಹಿಂದಿನ ಬೀಡಿನಲ್ಲಿ ಉಳಿದಿದ್ದವು. ಉಳಿದ ನಾಲ್ವರು ಜಾರಿಕೊಂಡು ಹೋಗುವಲ್ಲಿ ಅವನು ಹೆಜ್ಜೆಹೆಜ್ಜೆಗೂ ಹಿಮವನ್ನು ತುಳಿದು ನಡೆದನು.

ನಾಲ್ಕು ಜನಕ್ಕೆ ಅಕ್ಕಿ ಹಾಕಿದ ಮೇಲೆ ಐದನೆಯವನು ಬಂದರೆ ಗೃಹಿಣಿಯು ನಗುತ್ತ ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿ ತೊಳೆಯುವಳು. ಅದು ಊರಿನ ಮಾತು. ಊರಿನಲ್ಲಿ ಅಕ್ಕಿಯ ಮೂಟೆ ಪಕ್ಕದ ಕೋಣೆಯಲ್ಲಿರುತ್ತದೆ. ಇವರ ಮೂಟೆ ನೂರಾರು ಮೈಲಿ ಹಿಂದೆ ಹಿಮದಲ್ಲಿ ಹೂತಿತ್ತು. ಒಬ್ಬೊಬ್ಬನಿಗೆ ದಿನಕ್ಕೆ ಒಂದು ರಾತ್ತಲು ಬಿಸ್ಕತ್ತು, ಒಣಗಿಸಿದ ಮಾಂಸವನ್ನು ಕೊಬ್ಬಿನಲ್ಲಿ ಕಲಸಿದ ಪೆಮಿಕನ್ ಎಂಬುದು ಮುಕ್ಕಾಲು ರಾತ್ತಲು, ಬೆಣ್ಣೆ ಎರಡು ಔನ್ಸು, ಸಕ್ಕರೆ ಮೂರು ಔನ್ಸು, ಸ್ವಲ್ಪ ಚಹ, ಸ್ವಲ್ಪ ಕೋಕೋ. ಕಾಗದದ ಮೇಲೆ ಇದು ಪುಷ್ಕಳವಾಗಿ ಕಾಣುವುದು. ಆದರೆ ಅಂತಹ ಚಳಿಯಲ್ಲಿ ದಿನವೆಲ್ಲ ಬಂಡಿಯೆಳೆಯುವ ದೇಹಕ್ಕೆ ಇದು ಸಾಲದೆಂದೂ, ಇದರಲ್ಲಿ ‘ಸಿ’ ಜೀವಸತ್ವವು ಏನೂ ಇರಲಿಲ್ಲವೆಂದೂ ಈಗ ತಿಳಿದಿದೆ. ಜೀವಸತ್ವಗಳ ವಿಚಾರ ಆ ಕಾಲಕ್ಕೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಐವರಾದ ಮೇಲೆ ಅಡಿಗೆಗೆ ಹಿಡಿಯುವ ಹೊತ್ತು ಅರ್ಧ ಗಂಟೆಯಷ್ಟು ಬೆಳೆಯಿತೆಂದು ಸ್ಕಾಟನೇ ದಿನಚರಿಯಲ್ಲಿ ಗುರುತಿಸಿರುವನು. ಅರ್ಧ ಗಂಟೆಯೆಂದರೆ ಅರ್ಧ ಗಂಟೆಯ ಎಣ್ಣೆ. ಹೊರಡುವ ಮೊದಲು ಈ ಲೆಕ್ಕವನ್ನು ಹಾಕದೆ ಹೋದುದು ಆಶ್ಚರ್ಯವೇ ಸರಿ. ಮನೆ ನಡೆಸಿ ಅನುಭವವಿದ್ದ ಯಾವ ಹೆಂಗಸಾದರೂ ಅದನ್ನು ಅಲ್ಲಿಯೇ ಹೇಳುತ್ತಿದ್ದಳು.

ಎಣ್ಣೆಯ ಮಾತು ಬಂದುದರಿಂದ ಅದನ್ನೂ ಮುಗಿಸಿಬಿಡೋಣ. ಅವರ ಒಲೆ ನಮ್ಮ ಅಡಿಗೆಮನೆಗಳಲ್ಲಿ ಬಹುಕಾಲ ಭೋರ್ಗರೆದ ಪ್ರೈಮಸ್ ಸ್ಟೌವೇ, ಸೀಮೆಎಣ್ಣೆಯಿಂದ ಉರಿಯುವುದು. ಹಿಮದ ನಾಡಿನಲ್ಲಿ ಒಲೆಯಿಲ್ಲದಿದ್ದರೆ ಅನ್ನ ಮಾತ್ರವಲ್ಲ, ನೀರೂ ಇಲ್ಲ. ಗುಟುಕು ನೀರಿಗೂ ಹಿಮವನ್ನು ಕರಗಿಸಬೇಕು. ದಾರಿಯಲ್ಲಿ ಹೂಳಿಟ್ಟಿದ್ದ ಎಣ್ಣೆಯ ಡಬ್ಬಿಗಳ ಬಿರಡೆಗಳಿಗೆ ತೊಗಲಿನ ಬಿಲ್ಲೆಗಳನ್ನು ಹಾಕಿದ್ದರು. ಚಳಿಗೆ ತೊಗಲು ಕೆಟ್ಟಿತು, ಎಣ್ಣೆ ಆವಿಯಾಗಿ ನುಸುಳಿತು. ಹಿಂದಿರುಗುವಾಗ ಒಂದೊಂದು ಉಗ್ರಾಣವನ್ನು ಅಗೆದು ನೋಡಿದಾಗಲೂ ಡಬ್ಬಿ ಹಗುರವಾಗಿಯೇ ಕೈಗೆ ಬಂದಿತು. ಅಮುಂಡ್ಸೆನ್ನನು ತನ್ನ ಡಬ್ಬಿಗಳ ಬಾಯಿಯನ್ನು ಬೆಸುಗೆ ಹಾಕಿಸಿದ್ದನು. ಕಾಸಿನ ಬೆಸುಗೆ! ಇಬ್ಬರಿಗೂ ಇದ್ದ ಧೈರ್ಯವೆಷ್ಟು, ವಿದ್ಯೆಯೆಷ್ಟು ಎಂದು ತೂಗುವ ಪಂಡಿತರು ಈ ಬೆಸುಗೆಯನ್ನೂ ತಕ್ಕಡಿಗೆ ಹಾಕಬೇಕು.

೧೯೧೨ರ ಜನವರಿ ೧೭ರಂದು ಅವರು ಧ್ರುವವನ್ನು ಮುಟ್ಟಿದರು. ಅಲ್ಲಿ ಅಮುಂಡ್ಸೆನ್ನನ ಡೇರೆ ನಿಂತಿತ್ತು. ಅವನು ಡಿಸೆಂಬರ್ ೧೪ರಂದೇ ಬಂದಿದ್ದನು. ಡೇರೆಯೊಳಗೆ ಸ್ಕಾಟನ ಹೆಸರಿಗೆ ಒಂದು ಚೀಟಿ. ಜೊತೆಗೆ, ನಾರ್ವೆಯ ದೊರೆಗೆ ತಲುಪಿಸಬೇಕೆಂದು ಒಂದು ಕಾಗದ. ಸ್ಕಾಟನು ಆ ಕಾಗದವನ್ನು ಜೋಪಾನವಾಗಿ ತೆಗೆದುಕೊಂಡನು. ಮುಂದೆ ಅವನ ಶವದೊಡನೆ ಅದೂ ಸಿಕ್ಕಿತು. ಗೆದ್ದವನ ಗೆಲವಿಗೆ ಸಾಕ್ಷಿಯನ್ನು ಸೋತವನು ಎದೆಯ ಬಳಿ ಇಟ್ಟುಕೊಂಡು ಹೊತ್ತನೆಂಬುದು ಈ ಕಥೆಯಲ್ಲಿ ನಮ್ಮ ಮನಸ್ಸಿಗೆ ಬಹಳ ಹಿಡಿದ ಸಂಗತಿ.

ಹಿಂದಿರುಗಿದ ದಾರಿಯನ್ನು ವಿಸ್ತರಿಸಲು ಮನಸ್ಸು ಬಾರದು. ಐವರಲ್ಲಿ ಎಲ್ಲರಿಗಿಂತ ಬಲಿಷ್ಠನಾದ ಎಡ್ಗರ್ ಎವಾನ್ಸನು ಫೆಬ್ರವರಿ ೧೭ರಂದು ಹಿಮನದಿಯ ಬುಡದಲ್ಲಿ ತೀರಿಕೊಂಡನು. ಓಟ್ಸನು ಡೇರೆಯಿಂದ ಹೊರಬಿದ್ದುದು ಮಾರ್ಚ್ ೧೬ರಂದೋ ೧೭ರಂದೋ. ದಿನಗಳ ಲೆಕ್ಕವೇ ಸ್ಕಾಟನಿಗೆ ತಪ್ಪಿಹೋಗಿತ್ತು. ಮಾರ್ಚ್ ೧೭ ಓಟ್ಸನ ಹುಟ್ಟಿದ ದಿನ. ಅಂದಿಗೆ ಮೂವತ್ತೆರಡು ತುಂಬುತ್ತಿತ್ತು. ಉಳಿದ ಮೂವರು ‘ಒಂದು ಟನ್’ ಎಂದು ಹೆಸರಿಟ್ಟಿದ್ದ ದೊಡ್ಡ ಉಗ್ರಾಣಕ್ಕೆ ಹನ್ನೊಂದು ಮೈಲಿ ಇರುವಲ್ಲಿ ಡೇರೆ ಹಾಕಿದರು. ಬಿರುಗಾಳಿ ಬಿಡಲಿಲ್ಲ. ಮೊದಲು ನಿಶ್ಚಯಿಸಿದ್ದಂತೆ ಆ ಉಗ್ರಾಣವನ್ನು ಎಂಬತ್ತನೆಯ ಅಕ್ಷಾಂಶದಲ್ಲಿ ಮಾಡಿದ್ದರೆ ಅದು ಅವರು ಬಿದ್ದ ಸ್ಥಳಕ್ಕಿಂತ ಆಚೆಗೇ, ಅವರ ದಾರಿಯಲ್ಲಿಯೇ, ದೊರೆಯುತ್ತಿತ್ತು. ಹಿಂದಿನ ವರ್ಷ ಕುದುರೆಗಳು ಬಳಲಿದುವೆಂದು ಅದನ್ನು ಸುಮಾರು ಮೂವತ್ತು ಮೈಲಿ ಈಚೆಗೆ ಮಾಡಿದ್ದರು. ಇನ್ನೊಂದು ಸಂಗತಿಯೂ ಉಂಟು. ಮಾರ್ಚ್ ಮೊದಲನೆಯ ವಾರದಲ್ಲಿ ಚೆರ್ರಿ ಗ್ಯಾರಾರ್ಡ್ ಎಂಬ ತರುಣನು ನಾಯಿಬಂಡಿಗಳೊಡನೆ ಅದೇ ಉಗ್ರಾಣಕ್ಕೆ ಬಂದು ಒಂದು ವಾರ ಕಾದು, ನಾಯಿಗಳ ಆಹಾರ ತೀರುತ್ತ ಬಂದುದರಿಂದ ಹಿಂದಿರುಗಿದ್ದನು. ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಎಂಬ ಕೊರಗು ಅವನನ್ನು ಸಾಯುವವರೆಗೂ ಬಿಡಲಿಲ್ಲ.

ಚಳಿಗಾಲ ಕಳೆದ ಮೇಲೆ ಅವರನ್ನು ಹುಡುಕಲು ಹೊರಟವರ ಸಂಗಡ ನಮ್ಮ ದೇಶದ ಪ್ರಾಣಿಗಳಿದ್ದವೆಂಬುದು ಅನೇಕರಿಗೆ ಹೊಸದಾಗಿ ಕಾಣಬಹುದು. ಸ್ಕಾಟನ ಕೋರಿಕೆಯಂತೆ ಭಾರತ ಸರ್ಕಾರದವರು ಹಿಮಾಲಯದಲ್ಲಿ ಪಳಗಿಸಿದ ಏಳು ಹೇಸರಗತ್ತೆಗಳನ್ನು ಕೊಟ್ಟಿದ್ದರು. ಅವು ೧೯೧೨ರಲ್ಲಿ ಹಡಗಿನಿಂದಿಳಿದವು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್ ಎಂದು ಅವುಗಳ ಹೆಸರು. ತಮಗೆಂದು ಕೊಟ್ಟ ಮೇವನ್ನು ಬಿಟ್ಟು ಚಹದ ಚರಟವನ್ನೂ ಹಗ್ಗವನ್ನೂ ಪ್ರೀತಿಯಿಂದ ತಿನ್ನುತ್ತಿದ್ದವಂತೆ. ಗುಲಾಬ್ ಎಂದು ಹೆಸರಿಟ್ಟ ಪ್ರಾಣಿಯು ಹೂವೊಂದೂ ಅರಳದ ಆ ಸೀಮೆಯಲ್ಲಿ ಬಂಡಿಯೆಳೆದುದನ್ನು ನೆನೆದರೆ ನಗುವೂ ಬರುವುದು, ಮರುಕವೂ ಬರುವುದು. ನವೆಂಬರ್ ೧೨ರಂದು, ದಾರಿಯ ಪಕ್ಕದಲ್ಲಿ ಹಿಮದ ದಿಬ್ಬವೊಂದು ಕಂಡಿತು, ಅದೇ ಡೇರೆ. ಒಳಗೆ ನಡುವೆ ಸ್ಕಾಟ್, ಎರಡು ಪಕ್ಕಗಳಲ್ಲಿ ವಿಲ್ಸನ್ ಮತ್ತು ಬವರ್ಸ್. ಹುಡುಕಿದವರು ದಿನಚರಿಗಳನ್ನೂ ಕಾಗದಗಳನ್ನೂ ತೆಗೆದುಕೊಂಡು, ಡೇರೆಯ ಕೋಲುಗಳನ್ನು ಬಿಡಿಸಿ ಬಟ್ಟೆಯನ್ನು ಅವರ ಮೇಲೆಯೇ ಹೊದಿಸಿ, ಹಿಮದ ಗೋರಿಯನ್ನು ಕಟ್ಟಿದರು. ಆ ಹಿಮದ ಹಾಸುಗಲ್ಲು ನಿಂತಲ್ಲಿ ನಿಲ್ಲುವುದಲ್ಲ. ಮೂವರನ್ನೂ ತನ್ನೊಳಗೆ ಇಟ್ಟುಕೊಂಡು ಇಂದಿಗೂ ಮೆಲ್ಲಮೆಲ್ಲನೆ ಸಮುದ್ರದ ಕಡೆಗೆ ಸರಿಯುತ್ತಿದೆ.

ಬಂಡಿಯ ಮೇಲೆ ಮೂವತ್ತೈದು ರಾತ್ತಲು ಕಲ್ಲುಗಳಿದ್ದವು. ಫೆಬ್ರವರಿ ೮ರಂದು ಹಿಮನದಿಯ ತಲೆಯ ಬಳಿ, ಬಕ್ಲಿ ಎಂಬ ಬೆಟ್ಟದ ಬುಡದಲ್ಲಿ, ಹೊಟ್ಟೆ ಹಸಿದು ಕೈಕಾಲು ಸೋತಿದ್ದಾಗ ವಿಲ್ಸನನು ಆಯ್ದು ತುಂಬಿದುದು. ಎಣ್ಣೆ ತೀರಿ, ಕಾಲು ಕೊಳೆತು, ಒಂದೊಂದು ಮೈಲಿಯೂ ಬೆಟ್ಟವಾದಾಗಲೂ ಅವರು ಆ ಕಲ್ಲುಗಳನ್ನು ಎಸೆಯಲಿಲ್ಲ. ಇದನ್ನು ಹುಚ್ಚೆಂದವರಿದ್ದಾರೆ. ಕಲ್ಲೆಸೆದಿದ್ದರೆ ಬದುಕುತ್ತಿದ್ದರೆಂದು ನಮಗೆ ತೋರುವುದಿಲ್ಲ. ಅಂತೂ ಎಸೆಯದಿದ್ದುದರಿಂದ ಲೋಕಕ್ಕೆ ಒಂದು ವಿದ್ಯೆ ಉಳಿಯಿತು. ಆ ಕಲ್ಲುಗಳಲ್ಲಿ ಎಲೆಗಳ ಅಚ್ಚುಗಳಿದ್ದವು: ನಾಲಗೆಯ ಆಕಾರ, ನಡುವೆ ಒಂದು ನರ, ಅದರಿಂದ ಬಲೆಯಂತೆ ಹರಡಿದ ಸಣ್ಣ ನರಗಳು. ಗ್ಲಾಸಾಪ್ಟೆರಿಸ್ ಎಂಬ, ೨೫ ಕೋಟಿ ವರ್ಷಗಳಿಗೂ ಹಿಂದಿನ ಮರದ ಎಲೆಗಳು ಅವು. ಕೇಂಬ್ರಿಜ್ಜಿನ ಸೀವರ್ಡ್ ಎಂಬ ಸಸ್ಯಶಾಸ್ತ್ರಜ್ಞನು ೧೯೧೪ರಲ್ಲಿ ಇವುಗಳ ವಿವರವನ್ನು ಪ್ರಕಟಿಸಿದನು.

ಈ ಎಲೆಗೂ ನಮಗೂ ನೆಂಟಿದೆ. ಇದೇ ಎಲೆಯ ಅಚ್ಚುಗಳು ಭಾರತದ ಕಲ್ಲಿದ್ದಲ ಗಣಿಗಳಲ್ಲಿ ಬಹುಕಾಲದಿಂದ ದೊರೆಯುತ್ತಿದ್ದವು. ಆ ಪದರಗಳಿಗೆ ಮಧ್ಯಭಾರತದ ಗೋಂಡರ ನಾಡಿನಿಂದ ‘ಗೋಂಡ್ವಾನ’ ಎಂಬ ಹೆಸರು ಬಂದಿತ್ತು. ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಅದೇ ಎಲೆ. ಈಗ ಹಿಮದಡಿಯಲ್ಲಿಯೂ ಅದೇ! ಸಮುದ್ರಗಳನ್ನು ದಾಟಲಾರದ ಮರವು ಇಷ್ಟು ಕಡೆ ಹೇಗೆ ಬೆಳೆಯಿತು? ಈ ನೆಲಗಳೆಲ್ಲ ಹಿಂದೆ ಒಂದಾಗಿದ್ದು ಬಳಿಕ ಅಗಲಿ ದೂರ ಸರಿದವು ಎಂಬುದೇ ಉತ್ತರ. ಜರ್ಮನಿಯ ಆಲ್ಫ್ರೆಡ್ ವೇಗೆನರನು ಭೂಖಂಡಗಳು ಸರಿಯುತ್ತವೆಂಬ ತನ್ನ ವಾದವನ್ನು ಮೊದಲು ಸಭೆಯಲ್ಲಿ ಮಂಡಿಸಿದುದು ೧೯೧೨ರ ಜನವರಿ ೬ರಂದು. ಸ್ಕಾಟನು ಧ್ರುವಕ್ಕೆ ಹನ್ನೊಂದು ದಿನದ ಹಾದಿಯಲ್ಲಿದ್ದಾಗ. ಆ ವಾದವನ್ನು ವಿದ್ವಾಂಸರು ಒಪ್ಪಲು ಅರ್ಧ ಶತಮಾನ ಹಿಡಿಯಿತು. ಶತಮಾನೋತ್ಸವದ ಅದೇ ಮಾರ್ಚಿಯಲ್ಲಿ, ೨೦೧೨ರಲ್ಲಿ, ನಮ್ಮ ದೇಶದವರು ಅಂಟಾರ್ಕ್ಟಿಕದಲ್ಲಿ ‘ಭಾರತಿ’ ಎಂಬ ಹೊಸ ಸಂಶೋಧನಾಲಯವನ್ನು ತೆರೆದರು. ಲಾರ್ಸೆಮಾನ್ ಗುಡ್ಡಗಳಲ್ಲಿ ಅದಕ್ಕೆ ಸ್ಥಳ ಹುಡುಕಿದ ಕಾರಣಗಳಲ್ಲಿ, ಅಲ್ಲಿಯ ಬಂಡೆಯು ನಮ್ಮ ಪೂರ್ವತೀರದ ಬಂಡೆಗೆ ಹಿಂದೊಮ್ಮೆ ತಗುಲಿಕೊಂಡಿತ್ತೆಂಬುದೂ ಒಂದು.

ಇನ್ನೂ ಹತ್ತಿರದ ಮಾತೊಂದಿದೆ. ಗೋದಾವರಿಯ ಕಣಿವೆಯ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಈ ಗೋಂಡ್ವಾನ ಪದರದ್ದೇ; ಗ್ಲಾಸಾಪ್ಟೆರಿಸ್ ಕಾಡುಗಳು ಕೊಳೆತು ಹೂತು ಆದುದು. ಅದು ರೈಲು ಗಾಡಿಗಳಲ್ಲಿ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಬರುತ್ತಿದೆ. ಕನ್ನಡನಾಡಿನ ಮನೆಗಳಲ್ಲಿ ಸಂಜೆ ಹೊತ್ತಿಕೊಳ್ಳುವ ದೀಪದಲ್ಲಿ, ಎಲ್ಲವೂ ಅಲ್ಲದಿದ್ದರೂ ಒಂದು ಪಾಲು, ಆ ನಾಲಗೆಯಾಕಾರದ ಎಲೆಯು ಹೀರಿಟ್ಟ ಬಿಸಿಲು. ವಿಲ್ಸನನು ಹೆಪ್ಪುಗಟ್ಟಿದ ಬೆರಳುಗಳಿಂದ ಆಯ್ದ ಎಲೆಯ ಒಡಹುಟ್ಟಿದವುಗಳ ಬೆಳಕಿನಲ್ಲಿ ನಾವು ಈ ಪತ್ರಿಕೆಯನ್ನು ಓದುತ್ತಿರುವೆವೆಂದರೆ ಅದು ಬರಿಯ ಅಲಂಕಾರವಲ್ಲ.

ಇನ್ನು ಮನೆಯವರ ಮಾತು. ಡೇರೆಯೊಳಗಿಂದ ಸ್ಕಾಟನು ಬರೆದ ಕಾಗದಗಳಲ್ಲಿ ತನ್ನ ಸಮರ್ಥನೆಯೂ ಇದೆ, ದೇಶದ ಕೀರ್ತಿಯೂ ಇದೆ. ಆದರೆ ದಿನಚರಿಯ ಕಡೆಯ ಸಾಲಿನಲ್ಲಿ ಉಳಿದುದು ಒಂದೇ: ತಮ್ಮ ಮನೆಯವರನ್ನು ಲೋಕವು ನೋಡಿಕೊಳ್ಳಬೇಕೆಂಬ ಬೇಡಿಕೆ. ವಿಲ್ಸನನ ಹೆಂಡತಿಗೂ ಬವರ್ಸನ ತಾಯಿಗೂ ಅವನು ತಾನೇ ಕಾಗದ ಬರೆದನು. ತನ್ನ ಹೆಂಡತಿಗೆ ಬರೆದ ಕಾಗದದಲ್ಲಿ, ಸಾಧ್ಯವಾದರೆ ಹುಡುಗನಿಗೆ ಪ್ರಾಣಿಪಕ್ಷಿಗಳ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿಸಬೇಕೆಂದು ಕೇಳಿಕೊಂಡನು. ಹುಡುಗನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಆ ಪೀಟರ್ ಸ್ಕಾಟನೇ ಮುಂದೆ ೧೯೪೬ರಲ್ಲಿ ಸ್ಲಿಂಬ್ರಿಜ್ಜಿನಲ್ಲಿ ನೀರುಹಕ್ಕಿಗಳ ಆಶ್ರಯವನ್ನು ಸ್ಥಾಪಿಸಿ, ೧೯೬೧ರಲ್ಲಿ ವಿಶ್ವ ವನ್ಯಜೀವಿ ನಿಧಿಯನ್ನು ಕಟ್ಟಿದವರಲ್ಲೊಬ್ಬನಾದನು. ಆ ನಿಧಿಯ ಗುರುತಾದ ಪಾಂಡಾ ಕರಡಿಯ ಚಿತ್ರವನ್ನು ರೂಪಿಸಿದವನೂ ಅವನೇ.

ಸುದ್ದಿಯು ಲೋಕಕ್ಕೆ ತಿಳಿದುದು ೧೯೧೩ರ ಫೆಬ್ರವರಿಯಲ್ಲಿ. ಸತ್ತವರು ಸತ್ತು ಹನ್ನೊಂದು ತಿಂಗಳ ಮೇಲೆ. ಅಲ್ಲಿಯವರೆಗೆ ಮನೆಗಳಲ್ಲಿ ಅವರು ಬದುಕಿದ್ದರು. ಸ್ಕಾಟನ ಹೆಂಡತಿ ಕ್ಯಾಥ್ಲೀನಳು ಗಂಡನನ್ನು ಎದುರುಗೊಳ್ಳಲು ನ್ಯೂಜೀಲೆಂಡಿಗೆ ಹಡಗಿನಲ್ಲಿ ಹೊರಟಿದ್ದಳು. ಲಂಡನ್ನಿನ ಬೀದಿಯ ಹುಡುಗರೆಲ್ಲ ಅರಿತು ಮರುಗಿದ ಸುದ್ದಿ, ನಡುಗಡಲಿನಲ್ಲಿದ್ದ ಆಕೆಗೆ ತಿಳಿದುದು ಫೆಬ್ರವರಿ ೧೯ರಂದು, ಹಡಗಿನ ಕಪ್ತಾನನು ತಂತಿಯಿಲ್ಲದ ತಂತಿಯ ಸಂದೇಶವನ್ನು ತಂದಾಗ. ವಿಲ್ಸನನ ಹೆಂಡತಿ ಓರಿಯಾನಳೂ ಗಂಡನಿಗಾಗಿ ನ್ಯೂಜೀಲೆಂಡಿಗೆ ಬಂದಿದ್ದಳು. ಕ್ರೈಸ್ಟ್‌ಚರ್ಚಿನ ರೈಲು ನಿಲ್ದಾಣದಲ್ಲಿ ಆಕೆಗೆ ಸುದ್ದಿ ಎದುರಾಯಿತು.

ಎಡ್ಗರ್ ಎವಾನ್ಸನ ಹೆಂಡತಿ ಲೋಯಿಸಳಿಗೆ ಎಲ್ಲಿಗಾದರೂ ಹೊರಟು ಎದುರುಗೊಳ್ಳುವ ಅನುಕೂಲವಿರಲಿಲ್ಲ. ವೇಲ್ಸಿನ ಗವರ್ ಕರಾವಳಿಯಲ್ಲಿ ಮೂವರು ಮಕ್ಕಳನ್ನು ಸಾಕಿಕೊಂಡಿದ್ದಳು. ಗಂಡನು ಮೊದಲು ಸತ್ತವನಾದುದರಿಂದ ಡೇರೆಯ ಕಾಗದಗಳಲ್ಲಿ ಅವಳ ಹೆಸರಿಗೆ ಒಂದೂ ಇರಲಿಲ್ಲ. ಅದರ ಮೇಲೆ ಪತ್ರಿಕೆಗಳವರು ಒಂದು ತರ್ಕವನ್ನು ಹೂಡಿದರು: ಓದುಬರಹ ಕಡಮೆಯಾದ ನಾವಿಕನಾದುದರಿಂದ ಅವನ ಮನಸ್ಸು ಕುಸಿಯಿತು, ಅವನಿಗಾಗಿ ಉಳಿದವರು ತಡೆದರು, ತಡೆದುದರಿಂದ ಸತ್ತರು. ಕಷ್ಟಪಟ್ಟು ಬಂಡಿಯೆಳೆದವನ ಹೆಂಡತಿಯು ಓದಬೇಕಾದ ಮಾತುಗಳೇ ಇವು!

ಸ್ಕಾಟನ 'ನೋಡಿಕೊಳ್ಳಿ' ಎಂಬ ಮಾತಿಗೆ ಜನ ಓಗೊಟ್ಟರು. ಎಪ್ಪತ್ತೈದು ಸಾವಿರ ಪೌಂಡು ಕೂಡಿತು. ಯಾತ್ರೆಯ ವೈಜ್ಞಾನಿಕ ಗ್ರಂಥಗಳ ಪ್ರಕಟಣೆಗೂ, ಉಳಿದುದರಲ್ಲಿ ಕೇಂಬ್ರಿಜ್ಜಿನ ಧ್ರುವ ಸಂಶೋಧನಾಲಯಕ್ಕೂ ಅದರಿಂದ ನೆರವಾಯಿತು. ಮನೆಗಳಿಗೆ ಹಂಚಿದ ಬಗೆಯಾದರೋ ಹೀಗೆ: ಸ್ಕಾಟನ ಹೆಂಡತಿ, ಮಗ, ತಾಯಿ, ಸೋದರಿಯರಿಗೆ ಒಟ್ಟು ೧೮,೦೦೦ ಪೌಂಡು, ವಿಲ್ಸನನ ಹೆಂಡತಿಗೆ ೮,೫೦೦, ಬವರ್ಸನ ತಾಯಿಗೆ ೪,೫೦೦, ಎಡ್ಗರ್ ಎವಾನ್ಸನ ಹೆಂಡತಿ, ಮಕ್ಕಳು, ತಾಯಿ ಇಷ್ಟು ಮಂದಿಗೂ ಸೇರಿ ೧,೫೦೦. ಪೆಟ್ಟಿಗೆಗಳ ಗೋಡೆಯನ್ನು ನೆನಪಿನಲ್ಲಿಡಬೇಕೆಂದೆವಲ್ಲ, ಅದು ಲಂಡನ್ನಿನ ಲೆಕ್ಕದ ಪುಸ್ತಕದವರೆಗೂ ಬಂದಿತ್ತು. ಒಂದೇ ನೊಗಕ್ಕೆ ಐವರೂ ಹೆಗಲು ಕೊಟ್ಟಾಗ, ಒಂದೇ ಪಾತ್ರೆಯಿಂದ ಐವರೂ ಉಂಡಾಗ, ಹಿಮಗಾಳಿಯು ಯಾರು ಅಧಿಕಾರಿ ಯಾರು ಆಳು ಎಂದು ವಿಚಾರಿಸಿರಲಿಲ್ಲ. ಆ ಕಾಲದ ಮರ್ಯಾದೆ ಹಾಗೆಂದು ಸಮಾಧಾನ ಹೇಳುವವರುಂಟು. ಕಾಲದ ಮರ್ಯಾದೆಯಿಂದ ಮೂವರು ಮಕ್ಕಳ ಹೊಟ್ಟೆ ತುಂಬುವುದಿಲ್ಲವೆಂಬುದಷ್ಟೇ ನಮ್ಮ ಉತ್ತರ. ಲೋಯಿಸಳು ರೊಸ್ಸಿಲಿಯ ಚರ್ಚಿನಲ್ಲಿ ಗಂಡನ ಹೆಸರಿಗೆ ಬಿಳಿಯ ಅಮೃತಶಿಲೆಯ ಫಲಕವನ್ನು ಹಾಕಿಸಿದಳು.

ಈ ಯಾತ್ರೆಯ ವಿಷಯದಲ್ಲಿ ಲೋಕದ ಅಭಿಪ್ರಾಯವು ಎರಡು ಸಲ ಹೊರಳಿದೆ. ಮೊದಲು ಸ್ಕಾಟನು ದೋಷವಿಲ್ಲದ ವೀರನಾಗಿದ್ದನು. ೧೯೭೯ರಲ್ಲಿ ರೋಲೆಂಡ್ ಹಂಟ್‌ಫರ್ಡನ ಗ್ರಂಥವು ಬಂದ ಮೇಲೆ ಅವನು ಎಲ್ಲ ದೋಷಗಳ ಗಣಿಯಾದನು. ೨೦೦೧ರಲ್ಲಿ ಸೂಸನ್ ಸಾಲಮನ್ ಎಂಬ ಅಮೆರಿಕದ ವಿಜ್ಞಾನಿ, ಆ ಬಯಲಿನ ಹವಾಮಾನದ ದಾಖಲೆಗಳನ್ನು ಹೋಲಿಸಿ, ೧೯೧೨ರ ಮಾರ್ಚಿಯ ಚಳಿ ವಾಡಿಕೆಯನ್ನು ಮೀರಿದ ಚಳಿಯಾಗಿತ್ತೆಂದು ತೋರಿಸಿದರು. ರಾತ್ರಿಯಲ್ಲಿ ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗೆ. ಫ್ಯಾರನ್‌ಹೀಟ್ ಆಗಲಿ ಸೆಂಟಿಗ್ರೇಡ್ ಆಗಲಿ ಅಲ್ಲಿ ಎರಡೂ ಒಂದೇ. ನಮ್ಮ ಮಟ್ಟಿಗೆ ಸ್ಕಾಟನು ವೀರನೂ ಹೌದು, ಲೆಕ್ಕದಲ್ಲಿ ಎಡವಿದವನೂ ಹೌದು. ಎರಡನ್ನೂ ಒಟ್ಟಿಗೆ ಒಪ್ಪುವುದರಲ್ಲಿ ನಮಗೆ ಕಷ್ಟವಿಲ್ಲ. ನಮ್ಮ ಮನೆಗಳ ಹಿರಿಯರಲ್ಲಿಯೂ ಅಂತಹವರನ್ನು ಕಂಡಿದ್ದೇವೆ.

ಸ್ಮಾರಕಗಳಿಗೂ ದೆಸೆಗಳುಂಟು. ಶಿಲ್ಪಿಯಾಗಿದ್ದ ಕ್ಯಾಥ್ಲೀನಳು ಗಂಡನ ಮೂರ್ತಿಯನ್ನು ತಾನೇ ಕಡೆದಳು. ಒಂದು ಲಂಡನ್ನಿನಲ್ಲಿ, ಒಂದು ಕ್ರೈಸ್ಟ್‌ಚರ್ಚಿನಲ್ಲಿ. ಕ್ರೈಸ್ಟ್‌ಚರ್ಚಿನ ಮೂರ್ತಿಯು ೨೦೧೧ರ ಫೆಬ್ರವರಿಯ ಭೂಕಂಪದಲ್ಲಿ ಕಾಲ ಹರಡಿನ ಬಳಿ ಮುರಿದುಬಿದ್ದಿತು. ಶತಮಾನೋತ್ಸವ ನಡೆದಾಗ ಅದು ಪೀಠದ ಮೇಲೆ ಇರಲಿಲ್ಲ. ಮತ್ತೆ ನಿಂತುದು ೨೦೧೭ರಲ್ಲಿ. ಅದೇ ವರ್ಷ ಅಂಟಾರ್ಕ್ಟಿಕದ ಅಡೇರ್ ಭೂಶಿರದ ಹಳೆಯ ಮನೆಯೊಂದರಲ್ಲಿ, ಸ್ಕಾಟನ ಯಾತ್ರೆಯ ಉತ್ತರದ ತಂಡದವರು ಬಿಟ್ಟುದೆಂದು ನಂಬಲಾದ ಹಣ್ಣಿನ ಕೇಕೊಂದು ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ಡಬ್ಬಿ ತುಕ್ಕು ಹಿಡಿದಿತ್ತು. ಕೇಕು ನೋಡಲು ಚೆನ್ನಾಗಿಯೇ ಇತ್ತೆಂದೂ, ವಾಸನೆಯೂ ಹೆಚ್ಚುಕಡಮೆ ತಿನ್ನುವಂತೆಯೇ ಇತ್ತೆಂದೂ ಕಂಡವರು ಹೇಳಿದರು.

ಓಟ್ಸನ ಶವವು ಸಿಕ್ಕಲೇ ಇಲ್ಲ. ಅವನ ದಂಡಿನ ಅಧಿಕಾರಿಗಳು ಎಸೆಕ್ಸ್ ಪ್ರಾಂತದ ಗೆಸ್ಟಿಂಗ್‌ಥಾರ್ಪ್ ಎಂಬ ಅವನ ಹಳ್ಳಿಯ ಚರ್ಚಿನಲ್ಲಿ ಹಿತ್ತಾಳೆಯ ಫಲಕವೊಂದನ್ನು ಗೋಡೆಗೆ ಹಾಕಿಸಿದರು. ತಾಯಿ ಕ್ಯಾರೊಲೈನಳು ಸ್ಥಿತಿವಂತೆ, ಮನೆಯಲ್ಲಿ ಆಳುಕಾಳುಗಳಿದ್ದರು. ಆದರೂ ಬದುಕಿರುವವರೆಗೆ ಆಕೆ ವಾರಕ್ಕೊಮ್ಮೆ ಚರ್ಚಿಗೆ ಹೋಗಿ ಆ ಹಿತ್ತಾಳೆಯನ್ನು ತನ್ನ ಕೈಯಾರೆ ತಿಕ್ಕಿ ಬೆಳಗುತ್ತಿದ್ದಳು.